ಸಹಾಯ ಬೇಕು: ಮನುವಿನ ಪ್ರಳಯಕಥೆಯಲ್ಲಿ ಕಾರಣವೇ ಇಲ್ಲವೇಕೆ?

ಮಾನ್ಯರೇ, ನಮ್ಮ ಓದುಗರ ಕೂಟದಲ್ಲಿ ಮಹಾಪ್ರಳಯದ ಕಥೆಗಳನ್ನು ಕುರಿತು ಒಂದು ಪ್ರಬಂಧ ಮಂಡಿಸಬೇಕಾಗಿದ್ದು, ಒಂದು ಅಂಶದಲ್ಲಿ ತಮ್ಮ ನೆರವು ಕೋರುತ್ತಿದ್ದೇನೆ.

ಬೈಬಲಿನ ನೋಹನ ಕಥೆಯಲ್ಲಿ ಪ್ರಳಯಕ್ಕೆ ಮನುಷ್ಯರ ದುಷ್ಟತನ ಕಾರಣ, ಬ್ಯಾಬಿಲೋನಿನ ಅತ್ರಹಸಿಸ್ ಕಾವ್ಯದಲ್ಲಿ ಜನರ ಗದ್ದಲದಿಂದ ಎನ್ಲಿಲ್ ದೇವನ ನಿದ್ರೆ ಕೆಟ್ಟದ್ದು ಕಾರಣ (ಎಂತಹ ಮಾನವೀಯ ದೇವರು!). ಆದರೆ ಯಜ್ಞಕರ್ಮಗಳನ್ನು ವಿವರಿಸುವ ವೈದಿಕ ಗ್ರಂಥವಾದ ಶತಪಥ ಬ್ರಾಹ್ಮಣದಲ್ಲಿ, ಬೆಳಗ್ಗೆ ಕೈತೊಳೆಯುತ್ತಿದ್ದ ಮನುವಿನ ಕೈಗೆ ಸಿಕ್ಕ ಮರಿಮೀನು, ‘ಔಘ’ವೊಂದು (ಮಹಾಪ್ರವಾಹ) ಬಂದು ಪ್ರಜೆಗಳೆಲ್ಲರನ್ನೂ ಕೊಚ್ಚಿಕೊಂಡು ಹೋಗಲಿದೆ ಎಂದಷ್ಟೇ ತಿಳಿಸುತ್ತದೆ. ಅಲ್ಲಿ ಪಾಪದ ಮಾತಿಲ್ಲ, ದೈವಕೋಪವಿಲ್ಲ. ಮೆಸೊಪೊಟೇಮಿಯದ (ಇಂದಿನ ಇರಾಕ್ ಪ್ರದೇಶ) ಗಿಲ್ಗಮೆಶ್ ಕಾವ್ಯದ 11ನೆಯ ಮಣ್ಣಿನ ಫಲಕದಲ್ಲಿಯೂ ನೋಹನ ಕಥೆಯಲ್ಲಿಯೂ ನೆಲ ಹುಡುಕಲು ಹಾರಿಬಿಡುವ ಹಕ್ಕಿಗಳೂ ಇಲ್ಲಿಲ್ಲ. ಮೀನಿನ ಕೊಂಬಿಗೆ ಕಟ್ಟಿದ ಹಡಗು ನೇರವಾಗಿ ಉತ್ತರಗಿರಿಗೆ ಸಾಗುತ್ತದೆ. ಸಪ್ತರ್ಷಿಗಳೂ ಬೀಜಗಳೂ ಹಡಗೇರುವುದು ಮಹಾಭಾರತದ ವನಪರ್ವದಲ್ಲಿ. ಅಲ್ಲಿ ಮೀನು ಬ್ರಹ್ಮನಾದರೆ, ಪುರಾಣಗಳಲ್ಲಿ ವಿಷ್ಣು.

ಹೀಗಿರುವಾಗ, ಮನುವಿನ ಕಥೆ ಮೆಸೊಪೊಟೇಮಿಯದಿಂದ ಬಂದದ್ದೆಂಬ ವಾದ ನನಗೆ ಅವಸರದ್ದೆನಿಸುತ್ತದೆ. ಕಥೆಯ ಕೊನೆಯಲ್ಲಿ ತುಪ್ಪ, ಮೊಸರುಗಳ ಆಹುತಿಯಿಂದ ಮನುವಿನ ಮಗಳಾಗಿ ಇಡೆ ಹುಟ್ಟುವುದನ್ನು ನೋಡಿದರೆ, ಯಜ್ಞದ ಇಡಾಕರ್ಮವನ್ನು (ಹವಿಸ್ಸಿನ ಒಂದು ಪಾಲನ್ನು ‘ಇಡೆ’ಯೆಂದು ಆಹ್ವಾನಿಸಿ ಸೇವಿಸುವ ವಿಧಿ) ವಿವರಿಸುವುದೇ ಇದರ ಉದ್ದೇಶವಾಗಿದ್ದು, ಆದ್ದರಿಂದಲೇ ಪ್ರಳಯದ ಕಾರಣ ಹೇಳುವ ಅಗತ್ಯ ಬೀಳಲಿಲ್ಲವೆಂದು ತೋರುತ್ತದೆ. ಈ ಊಹೆ ನಿಲ್ಲುತ್ತದೆಯೇ? ವೈದಿಕ ಕರ್ಮಕಾಂಡ ಬಲ್ಲವರು ದಯವಿಟ್ಟು ತಿಳಿಸಬೇಕು. ಈ ಭಾಗಕ್ಕೆ ಸಾಯಣಭಾಷ್ಯ (ಸಾಯಣಾಚಾರ್ಯರ ವ್ಯಾಖ್ಯಾನ) ಸಹಿತವಾದ ಕನ್ನಡ ಅನುವಾದ ಯಾರಲ್ಲಾದರೂ ಇದ್ದರೆ, ಸಂಬಂಧಪಟ್ಟ ಪುಟಗಳ ಚಿತ್ರ ಕಳುಹಿಸಿದರೂ ಉಪಕಾರವಾಗುತ್ತದೆ.