ತೋಟ ಸುತ್ತುವ ಬೆಕ್ಕಿಗೆ ಏನೇನು ಲಸಿಕೆ?

ಪ್ರಶ್ನೆ:
ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ನಮ್ಮ ಬೆಕ್ಕು ಕರಿಯ ಮನೆಗೆ ಬರೋದು ಊಟಕ್ಕೆ ಮಾತ್ರ. ರಾತ್ರಿಯೆಲ್ಲ ಕಣದಲ್ಲಿ ಇಲಿ ಬೇಟೆ, ಕೆಲಸಗಾರರ ಲೈನ್ ಮನೆಯ ಗಂಡುಬೆಕ್ಕಿನ ಜೊತೆ ಜಗಳ. ಹೋದ ವಾರ ಕಿವಿ ಹರಿದುಕೊಂಡು ಬಂದ. ಅವನಿಗೆ ಒಂದು ವರ್ಷವಾಯ್ತು, ಒಂದು ಲಸಿಕೆಯೂ ಹಾಕಿಸಿಲ್ಲ. "ಬೆಕ್ಕಿಗೆ ಎಂಥ ಇಂಜೆಕ್ಷನ್" ಅಂತಾರೆ ಅತ್ತೆ.

ಉತ್ತರ 1:
ಮೊದಲು ರೇಬೀಸ್ ಹಾಕಿಸಿ. ಮುಂದಿನ ವರ್ಷ ಮತ್ತೊಂದು. ಮೂರು ರೋಗಕ್ಕೆ ಸೇರಿಸಿ ಕೊಡುವ ಲಸಿಕೆಯೂ ಇದೆ, 3-4 ವಾರ ಬಿಟ್ಟು ಎರಡು ಸಲ. ಆ ಮೂರರಲ್ಲಿ ಪ್ಯಾನ್‌ಲ್ಯೂಕೋಪೀನಿಯಾ ಅಂತ ಒಂದು ವೈರಸ್ ರೋಗ, ಮಹಾ ಕೆಟ್ಟದ್ದು. ನಮ್ಮಲ್ಲಿ ಒಂದೇ ವಾರಕ್ಕೆ 3 ಮರಿ ಹೋದವು. ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂತಿರುತ್ತಿದ್ದವು, ಕುಡಿಯುತ್ತಿರಲಿಲ್ಲ. ಈಗಲೂ ಆ ಬಟ್ಟಲು ನೋಡಿದರೆ ಹೊಟ್ಟೆ ಚುರ್ ಅನ್ನುತ್ತೆ.

ಉತ್ತರ 2:
ಇಲಿ ತಿನ್ನುತ್ತಾನಲ್ವಾ, ಜಂತುಹುಳು ಔಷಧಿ ಮೂರು ತಿಂಗಳಿಗೊಮ್ಮೆ ಕೊಡಿ. ನಾಯಿಯ ಉಣ್ಣೆ ಔಷಧಿ ಮಾತ್ರ ಹಚ್ಚಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ದರೆ ಬೆಕ್ಕಿಗೆ ವಿಷ. ಪ್ಯಾರಾಸಿಟಮಾಲ್ ಕೂಡ ಅಷ್ಟೇ. ಸಂತಾನಹರಣ ಮಾಡಿಸಿದರೆ ಜಗಳ ಕಮ್ಮಿಯಾಗುತ್ತೆ.

ಪ್ರಶ್ನೆ ಕೇಳಿದವರು:
ಸರಿ, ಸೋಮವಾರ ಪಶು ಆಸ್ಪತ್ರೆಗೆ ಹೊರಡುತ್ತೇವೆ. ಕರಿಯನನ್ನು ಒಯ್ಯೋಕೆ ಕಾಫಿ ಕೊಯ್ಯುವ ಬುಟ್ಟಿಗೆ ಬಲೆ ಕಟ್ಟಿ ಸಿದ್ಧವಾಗಿದೆ. ಕಟ್ಟಿಕೊಟ್ಟಿದ್ದು ಅತ್ತೆಯೇ!