ಪೆಸಿಫಿಕ್ ರೈಲಿನ ಹಳೇ ಮ್ಯಾಪು: ಸರ್ವೆನಾ, ರಾಜಕೀಯನಾ?

ಹಳಿಹುಚ್ಚ: 1853ರಲ್ಲಿ ಅಮೆರಿಕದ ಕಾಂಗ್ರೆಸ್ಸು ಒಂದೂವರೆ ಲಕ್ಷ ಡಾಲರ್ ಕೊಟ್ಟು, ಪೆಸಿಫಿಕ್ ಕಡಲಿಗೆ ರೈಲು ಎಲ್ಲಿಂದ ಒಯ್ಬೋದು ನೋಡಿ ಅಂತ ಸರ್ವೆ ಮಾಡ್ಸಿತ್ತಲ್ಲ, ಆ ಮ್ಯಾಪು ನೋಡ್ತಾ ಕೂತಿದ್ದೆ. ಸರ್ವೆ ಮಾಡಿದೋರ ಹೆಸರಲ್ಲಿ ಹೇಳೋದಾದ್ರೆ ಮೇಲೆ ಸ್ಟೀವನ್ಸ್ ದಾರಿ, ನಡುವೆ ಗನ್ನಿಸನ್‌ದು, ಅದರ ಕೆಳಗೆ ವಿಪಲ್‌ದು, ತೀರಾ ದಕ್ಷಿಣಕ್ಕೆ 32ನೇ ರೇಖಾಂಶ. ಯುದ್ಧಮಂತ್ರಿ ಜೆಫರ್ಸನ್ ಡೇವಿಸ್ ಮಿಸಿಸಿಪ್ಪಿಯವನು, ಆರಿಸಿದ್ದೂ ದಕ್ಷಿಣದ್ದೇ. ಎಲ್ಲಾ ಮೊದಲೇ ಫಿಕ್ಸು.

ನಕ್ಷೆನಾಣಿ: 32ನೇ ರೇಖಾಂಶ?? ಪಶ್ಚಿಮಕ್ಕೆ ಹೋದ್ರೆ ಅಟ್ಲಾಂಟಿಕ್ ನಡುನೀರು, ಪೂರ್ವಕ್ಕೆ ಹೋದ್ರೆ ಈಜಿಪ್ಟು. ಹಳಿ ಎಲ್ಲಿ ಹಾಕ್ತೀರಿ? ಅಕ್ಷಾಂಶ ಸ್ವಾಮಿ, ಅಕ್ಷಾಂಶ.

ಹಳಿಹುಚ್ಚ: ಟೈಪಿಂಗ್ ಮಿಸ್ಟೇಕು. ವಿಷ್ಯಕ್ಕೆ ಬನ್ನಿ.

ನಕ್ಷೆನಾಣಿ: "ಅಕ್ಷಾ" ಹೊಡೆಯೋಕೆ ಹೋಗಿ "ರೇಖಾ" ಬೀಳೋ ಕೀಬೋರ್ಡು ಎಲ್ಲಿ ಸಿಗತ್ತೆ, ನಂಗೂ ಒಂದು ಬೇಕು.

ಸಿಗ್ನಲ್ ಸೀನ: ಫಿಕ್ಸು ಅಂತೀರಲ್ಲ, 32ರ ದಾರೀಲಿ ಹಿಮದ ಕಾಟ ಕಮ್ಮಿ, ಖರ್ಚೂ ಕಮ್ಮಿ ಅಂತ ರಿಪೋರ್ಟಲ್ಲೇ ಇದೆ. ಓದಿದೀರಾ?

ಹಳಿಹುಚ್ಚ: ಖರ್ಚು ಕಮ್ಮಿನಾ? ವಿಪಲ್ 35ರ ದಾರಿಗೆ 16.9 ಕೋಟಿ ಡಾಲರ್ ಅಂದ, ಆಮೇಲೆ ನೋಡಿದ್ರೆ ಲೆಕ್ಕವೇ ತಪ್ಪು, ಸರಿ ಮಾಡಿದ್ರೆ 9.4 ಕೋಟಿ ಆಸುಪಾಸು. ಅಷ್ಟರಲ್ಲಿ ದಕ್ಷಿಣದ ದಾರಿಗೆ ಬೇಕಾದ ಸಮತಟ್ಟು ಜಾಗ ಮೆಕ್ಸಿಕೋ ಕಡೆ ಇದೆ ಅಂತ 1 ಕೋಟಿ ಡಾಲರಿಗೆ ಗ್ಯಾಡ್ಸ್‌ಡನ್ ಭೂಮೀನೂ ಕೊಂಡಾಗಿತ್ತು. ಅದನ್ನ ಯಾವ ಖಾತೆಗೆ ಬರೀತೀರಿ?

ಸಿಗ್ನಲ್ ಸೀನ: ಕೂಡಕ್ಕೆ ಬರದೇ ಇದ್ದದ್ದು ವಿಪಲ್‌ಗೆ. ಅದಕ್ಕೆ ಡೇವಿಸ್ ಯಾಕೆ ಏಟು ತಿನ್ಬೇಕು?

ನಕ್ಷೆನಾಣಿ: ಅಬ್ಬಾ, ಈ ಸಲ ಬರೀ "35" ಅಂತ ಬರೆದು ಜಾರಿಕೊಂಡ್ರು ನೋಡಿ. ಯಾವ ಅಂಶ ಅಂತ ಹೇಳೋ ಧೈರ್ಯ ಇಲ್ಲ.

ಹಳಿಹುಚ್ಚ: ನಿಮಗೆ ಬೇರೆ ಕೆಲ್ಸ ಇಲ್ವಾ ಮಾರಾಯ್ರೇ??

ಕಾಫಿಪುಡಿ: ಇಷ್ಟೆಲ್ಲಾ ಕಿತ್ತಾಡ್ತಿದೀರಿ, 1869ರಲ್ಲಿ ಯೂಟಾದ ಪ್ರೊಮಾಂಟರಿಲಿ ಎರಡೂ ಕಡೆಯ ಹಳಿ ಕೂಡಿದ್ದು ಡೇವಿಸ್ ದಾರಿಲೂ ಅಲ್ಲ ವಿಪಲ್ ದಾರಿಲೂ ಅಲ್ಲ. ದಕ್ಷಿಣದೋರು ಅಂತರ್ಯುದ್ಧಕ್ಕೆ ಅಂತ ಕಾಂಗ್ರೆಸ್ಸಿಂದ ಎದ್ದು ಹೋದ್ಮೇಲೆ 1862ರಲ್ಲಿ ಪೆಸಿಫಿಕ್ ರೈಲಿನ ಕಾಯ್ದೆ ಪಾಸಾಯ್ತು, ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟದಲ್ಲಿ ಡೊನರ್ ಪಾಸ್ ಮೇಲೆ ಲೈನ್ ಎಳೆದು ತೋರಿಸಿದ್ದು ಇಂಜಿನಿಯರ್ ಥಿಯೋಡರ್ ಜುಡಾ.

ಹಳಿಹುಚ್ಚ: "ಎದ್ದು ಹೋದ್ಮೇಲೆ"! ಅದನ್ನೇ ನಾನೂ ಹೇಳಿದ್ದು, ರಾಜಕೀಯ.

ನಕ್ಷೆನಾಣಿ: ಡೊನರ್ ಪಾಸ್ ಯಾವ ರೇಖಾಂಶದಲ್ಲಿದೆ ಕೇಳಿ ಅವರನ್ನ.

ಹಳಿಹುಚ್ಚ: 120 ಪಶ್ಚಿಮ. ಈ ಸಲ ರೇಖಾಂಶವೇ. ಹೊಟ್ಟೆ ತಣ್ಣಗಾಯ್ತಾ?

ನಕ್ಷೆನಾಣಿ: 120.3.

ಸಿಗ್ನಲ್ ಸೀನ: ಹಿಮದ ವಿಷ್ಯಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.