ರಜೆ ಬಗ್ಗೆ ಕೇಳಿ: ಅಂಗಡಿ, ಗಾರ್ಮೆಂಟ್ಸ್, ಎಸ್ಟೇಟ್ ಕೆಲಸದವರ ಪ್ರಶ್ನೆ, ಲೇಬರ್ ಕನ್ಸಲ್ಟೆಂಟ್ ಉತ್ತರ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಪಿಎಫ್, ಇಎಸ್‌ಐ, ಲೇಬರ್ ರಿಜಿಸ್ಟರ್ ಕೆಲಸ ಮಾಡ್ಕೊಡೋಳು ನಾನು. ಗಣೇಶನ ಹಬ್ಬ ಹತ್ರ ಬರ್ತಿದೆ, ರಜೆ ವಿಷ್ಯಕ್ಕೆ ಗ್ರೂಪಲ್ಲಿ ದಿನಾ ಚರ್ಚೆ ನಡೀತಿದೆ, ಒಂದ್ಸಲ ಕೂತು ಉತ್ತರ ಕೊಡಿ ಮೇಡಂ ಅಂತ ಅಡ್ಮಿನ್ ಕೇಳಿದ್ರು. ಕೇಳಿ. ಅಂಗಡಿನೋ ಫ್ಯಾಕ್ಟ್ರಿನೋ ತೋಟನೋ ಅಂತ ತಪ್ಪದೆ ಬರೀರಿ, ಅದರ ಮೇಲೆ ಕಾನೂನೇ ಬೇರೆ ಆಗುತ್ತೆ. ಮಾಲೀಕರ ಹೆಸರು ಮಾತ್ರ ಬೇಡ.

ಪ್ರಶ್ನೆ (ಹಾಸನ, ಬಟ್ಟೆ ಅಂಗಡಿ): ಮೇಡಂ, ಸರ್ಕಾರಿ ಕ್ಯಾಲೆಂಡರಲ್ಲಿ ಇಪ್ಪತ್ತು ರಜೆ ಇದೆ, ನಮಗೆ ಸಿಗೋದು ಮೂರೋ ನಾಕೋ. ಕೇಳಿದ್ರೆ ಅದು ಸರ್ಕಾರದೋರಿಗೆ ನಿಮಗಲ್ಲ ಅಂತಾರೆ. ನಮ್ಮ ಅಂಗಡಿಗೆ ವಾರದ ರಜೆ ಮಂಗಳವಾರ. ನಮಗೆ ನಿಜವಾಗ್ಲೂ ಎಷ್ಟು ಬರ್ಬೇಕು?

ಉತ್ತರ: ತಮ್ಮ, ಅವರು ಹೇಳಿದ್ದು ಅರ್ಧ ಸರಿ. ಆ ಇಪ್ಪತ್ತರ ಪಟ್ಟಿ ಸರ್ಕಾರಿ ಕಚೇರಿಗಳಿಗೆ, ಅಂಗಡಿಗೆ ತಾನಾಗೇ ಬರಲ್ಲ. ಆದ್ರೆ ನಿಮಗೆ ಅಂತಾನೇ ಕರ್ನಾಟಕದಲ್ಲಿ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಇದೆ, ಅದರಲ್ಲಿ ವರ್ಷಕ್ಕೆ ಸಂಬಳ ಸಮೇತ 10 ರಜೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದನ್ನ ಯಾರೂ ಬದಲಾಯಿಸೋ ಹಾಗಿಲ್ಲ. ಇನ್ನೈದು ಹಬ್ಬದ ರಜೆ. ಯಾವ ಹಬ್ಬ ಅನ್ನೋದನ್ನ ಮಾಲೀಕರು ಒಬ್ರೇ ಕೂತು ತೀರ್ಮಾನ ಮಾಡೋದಲ್ಲ, ಕೆಲಸದವರನ್ನೂ ಕೇಳ್ಬೇಕು, ಇದೇ ಮುಖ್ಯ, ಇದು ಗೊತ್ತಿಲ್ದೇ ಎಷ್ಟೋ ಜನ ಸುಮ್ನೆ ಇರ್ತಾರೆ.

ಈ ವರ್ಷದ್ದೇ ನೋಡಿ. 2026ರಲ್ಲಿ ಆಯುಧ ಪೂಜೆ ಅಕ್ಟೋಬರ್ 20, ಮಂಗಳವಾರ. ಬಲಿಪಾಡ್ಯಮಿ ನವೆಂಬರ್ 10, ಅದೂ ಮಂಗಳವಾರ. ನಿಮಗೆ ವಾರದ ರಜೆನೇ ಮಂಗಳವಾರ ಇರೋವಾಗ ಆ ಎರಡನ್ನ ಹಬ್ಬದ ರಜೆ ಅಂತ ಲಿಸ್ಟಲ್ಲಿ ಬರೆದಿದ್ರೆ ಎರಡು ರಜೆ ಹೋದಂಗೇ ಆಯ್ತಲ್ಲ, ಹೇಗಿದ್ರೂ ಬಾಗಿಲು ಹಾಕೋ ದಿನ ಅದು. ಅದರ ಬದಲು ವಿಜಯದಶಮಿ 21 ಬುಧವಾರ ಇದೆ, ಗಣೇಶ ಚತುರ್ಥಿ ಸೆಪ್ಟೆಂಬರ್ 14 ಸೋಮವಾರ ಇದೆ, ಅವನ್ನ ಕೇಳಿ. ನವೆಂಬರ್ 1 ಭಾನುವಾರ ಬಂದಿದೆ, ಭಾನುವಾರ ವಾರದ ರಜೆ ಇರೋರಿಗೆ ಲಾಸು, ನಿಮಗೆ ಅಲ್ಲ. ಭಾನುವಾರ ನಿಮಗೆ ಕೆಲಸದ ದಿನ, ಹಂಗಾಗಿ ರಾಜ್ಯೋತ್ಸವಕ್ಕೆ ಪೂರ್ತಿ ರಜೆ ನಿಮಗೆ ಬರ್ಲೇಬೇಕು. ಅಂಗಡಿ ಗೋಡೆ ಮೇಲೆ ಈ ವರ್ಷದ ಲಿಸ್ಟ್ ಇದ್ರೆ ಫೋಟೋ ತೆಗೆದು ಇಟ್ಕೊಳ್ಳಿ. ಇಲ್ದಿದ್ರೆ ಕೇಳಿ. ಮುಂದಿನ ವರ್ಷದ್ದಕ್ಕೆ ಡಿಸೆಂಬರ್ ತನಕ ಕಾಯ್ಬೇಡಿ, ದೀಪಾವಳಿ ಮುಗೀತಿದ್ದಂಗೆ ಕೆಲಸದವರೆಲ್ಲ ಮಾತಾಡ್ಕೊಂಡು ಐದು ಹಬ್ಬ ಒಂದು ಚೀಟೀಲಿ ಬರೆದು ಕೊಡಿ.

ಅದೇ ಹುಡುಗ: ಈ ಹತ್ತು ಬಿಟ್ರೆ ಬೇರೆ ಏನೂ ಇಲ್ವಾ ಮೇಡಂ?

ಉತ್ತರ: ಯಾಕಿಲ್ಲ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೇಲಿ ವಾರಕ್ಕೊಂದು ದಿನ ಪೂರ್ತಿ ರಜೆ, ಆಮೇಲೆ 20 ದಿನ ಕೆಲಸ ಮಾಡಿದ್ರೆ ಒಂದು ದಿನ ಗಳಿಕೆ ರಜೆ, ವರ್ಷದಲ್ಲಿ 280 ದಿನ ಬಂದಿದ್ರೆ 14 ಆಯ್ತು. ಉಳಿದಿದ್ದನ್ನ ಮುಂದಕ್ಕೆ ಹಾಕ್ಕೋಬಹುದು, ಮೊದ್ಲು 30ರ ತನಕ ಇತ್ತು ಆಮೇಲೆ ತಿದ್ದುಪಡಿ ಮಾಡಿ 45 ಮಾಡಿದ್ರು. ಇದರ ಜೊತೆಗೆ ಹುಷಾರಿಲ್ಲ, ಪೆಟ್ಟಾಯ್ತು, ಇಲ್ಲಾ ಬೇರೆ ನ್ಯಾಯವಾದ ಕಾರಣ ಇದೆ ಅಂದ್ರೆ ವರ್ಷಕ್ಕೆ 12 ದಿನ ಸಂಬಳ ಸಮೇತ. ಈ 12 ಮುಂದಿನ ವರ್ಷಕ್ಕೆ ಹೋಗಲ್ಲ, ಆ ವರ್ಷಕ್ಕೇ ಮುಗೀತು.

ಪ್ರಶ್ನೆ (ಹಾಸನ, ಅಂಗಡಿ ಮಾಲೀಕರು, ಆರು ಜನ ಕೆಲಸದವರು): ಮೇಡಂ, ಹಬ್ಬ ಅಂದ್ರೇನೇ ನಮಗೆ ವ್ಯಾಪಾರ. ಹಬ್ಬದ ದಿನ ಬಾಗಿಲು ಹಾಕು ಅಂದ್ರೆ ನಾವು ಬದುಕೋದು ಹೇಗೆ, ನಮ್ಮ ಕಷ್ಟನೂ ಸ್ವಲ್ಪ ಹೇಳಿ.

ಉತ್ತರ: ನಿಮ್ಮ ಕಷ್ಟ ನಿಜ ಅಣ್ಣ, ಹಾಸನಾಂಬೆ ದರ್ಶನದ ಟೈಮಲ್ಲಿ ಊರಿಗೆ ಎಷ್ಟು ಜನ ಬರ್ತಾರೆ ಅಂತ ನಾನೂ ನೋಡ್ತೀನಿ. ಬಾಗಿಲು ಹಾಕ್ಲೇಬೇಕು ಅಂತ ಕಾನೂನು ಹೇಳಲ್ಲ. ರಜೆ ದಿನ ಕೆಲಸ ಮಾಡಿಸಿದ್ರೆ ಆ ದಿನಕ್ಕೆ ಡಬಲ್ ಕೂಲಿ ಕೊಡಿ, ಇಲ್ಲಾ ಆ ದಿನದ ಸಂಬಳನೂ ಕೊಟ್ಟು ಬೇರೆ ಒಂದು ದಿನ ಸಂಬಳ ಸಮೇತ ರಜೆ ಕೊಡಿ. ನಾನು ರಿಜಿಸ್ಟರ್ ನೋಡ್ಕೊಳ್ಳೋ ಅಂಗಡಿಗಳಿಗೆ ಹೇಳೋದು ಇಷ್ಟೇ, ಆರು ಜನ ಇದ್ರೆ ಮೂರು ಮೂರು ಮಾಡಿ, ಗಣೇಶನಿಗೆ ಬಂದೋರಿಗೆ ದಸರಾಕ್ಕೆ ಬಿಡಿ, ಆ ಹಂಚಿಕೆನ ಹಬ್ಬದ ಹಿಂದಿನ ದಿನ ಸಂಜೆ ಹೇಳ್ಬೇಡಿ, ಒಂದು ತಿಂಗಳು ಮುಂಚೆ ಹೇಳಿ. ಹಿಂದಿನ ದಿನ ಸಂಜೆ ಹೇಳಿದ್ರೆ ಊರಿಗೆ ಹೋಗೋಕೆ ಬಸ್ಸಿಗೆ ಬ್ಯಾಗ್ ಹಾಕ್ಕೊಂಡಿರೋ ಹುಡುಗ ಮನಸ್ಸಿಟ್ಟು ಕೆಲಸ ಮಾಡ್ತಾನಾ? ಡಬಲ್ ಕೂಲಿ ಕೊಟ್ಟಿದ್ದಕ್ಕೆ ರಿಜಿಸ್ಟರಲ್ಲಿ ಸೈನ್ ತಗೊಳ್ಳಿ, ನಾಳೆ ಇನ್ಸ್‌ಪೆಕ್ಟರ್ ಬಂದ್ರೆ ಅದು ನಿಮಗೇ ಕಾವಲು.

ಪ್ರಶ್ನೆ (ಹಾಸನ, ಗಾರ್ಮೆಂಟ್ಸ್, ಟೈಲರ್): ಅಕ್ಕ ನಾನು ಶನಿವಾರ ಸೋಮವಾರ ಎರಡು ದಿನ ರಜೆ ಹಾಕಿ ಅರಕಲಗೂಡಿಗೆ ತಂಗಿ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ, ಸಂಬಳದ ಚೀಟೀಲಿ ನೋಡಿದ್ರೆ ಮೂರು ದಿನ ರಜೆ ಕಳೆದಿದಾರೆ, ಮಧ್ಯದ ಭಾನುವಾರನೂ ಸೇರಿಸಿ. ಸೂಪರ್ವೈಸರ್ ಅದು ಕಂಪನಿ ರೂಲ್ಸು ಅಂತಾರೆ. ಇನ್ನೊಂದು, ಹೆಣ್ಣುಮಕ್ಕಳಿಗೆ ತಿಂಗಳ ರಜೆ ಬಂತು ಅಂತ ಟೀವೀಲಿ ಹೇಳಿದ್ರಲ್ಲ ಅದು ನಮಗೂ ಇದೆಯಾ, ಕೇಳೋಕೆ ಒಂಥರಾ ಆಗುತ್ತೆ.

ಉತ್ತರ: ಕೇಳೋಕೆ ಸಂಕೋಚ ಬೇಡಮ್ಮ, ಇಲ್ಲಿ ಇನ್ನೂ ಎಷ್ಟೋ ಜನಕ್ಕೆ ಇದೇ ಪ್ರಶ್ನೆ ಇರುತ್ತೆ.

ಮೊದ್ಲು ಭಾನುವಾರದ್ದು. ಫ್ಯಾಕ್ಟ್ರಿಯ ಗಳಿಕೆ ರಜೆ ಲೆಕ್ಕದಲ್ಲಿ ಮಧ್ಯ ಬರೋ ವಾರದ ರಜೆ, ಹಬ್ಬದ ರಜೆ ಸೇರಿಸೋ ಹಾಗಿಲ್ಲ, ಶುರುನಲ್ಲಿ ಬಂದ್ರೂ ಅಷ್ಟೇ ಕೊನೇಲಿ ಬಂದ್ರೂ ಅಷ್ಟೇ. ಹಳೇ 1948ರ ಕಾರ್ಖಾನೆ ಕಾಯ್ದೇಲೂ ಹಂಗೇ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ಹೊಸ ಕಾರ್ಮಿಕ ಸಂಹಿತೇಲೂ (ಹಳೇ ಕಾರ್ಮಿಕ ಕಾಯ್ದೆಗಳನ್ನ ಒಟ್ಟು ಸೇರಿಸಿ ಮಾಡಿರೋ ಕೇಂದ್ರದ ಕಾನೂನು) ಹಂಗೇ ಇದೆ. ನೀವು ಹಾಕಿದ್ದು ಗಳಿಕೆ ರಜೆ ಆಗಿದ್ರೆ ಎರಡೇ ದಿನ ಕಳೀಬೇಕು. ಕಂಪನಿ ರೂಲ್ಸು ಕಾನೂನಿಗಿಂತ ಜಾಸ್ತಿ ಕೊಡಬಹುದು, ಕಮ್ಮಿ ಕೊಡೋ ಹಾಗಿಲ್ಲ. ಸಂಬಳದ ಚೀಟಿ ಹಿಡ್ಕೊಂಡು ಸೂಪರ್ವೈಸರ್ ಹತ್ರ ಅಲ್ಲ, ಹೆಚ್‌ಆರ್ ಹತ್ರ ಹೋಗಿ, ಬರೆದು ಕೊಡಿ.

ಹೊಸ ಸಂಹಿತೇಲಿ ನಿಮಗೆ ಅನುಕೂಲ ಆಗಿರೋದೂ ಇದೆ. ಮೊದ್ಲು ವರ್ಷಕ್ಕೆ 240 ದಿನ ಕೆಲಸ ಮಾಡಿದ್ರೆ ಮಾತ್ರ ಗಳಿಕೆ ರಜೆ ಇತ್ತು, ಈಗ 180 ದಿನ ಸಾಕು. ಲೆಕ್ಕ ಅದೇ, 20ಕ್ಕೆ ಒಂದು. ಮುಂದಕ್ಕೆ ಹಾಕ್ಕೊಳ್ಳೋದು 30 ದಿನ, ಆದ್ರೆ ನೀವು ಅರ್ಜಿ ಹಾಕಿ ಅವರು ಕೊಡ್ಲಿಲ್ಲ ಅಂದ್ರೆ ಆ ದಿನಗಳು ಮಿತಿ ಇಲ್ದೇ ಮುಂದಕ್ಕೆ ಹೋಗುತ್ತೆ. ಅದಕ್ಕೇ ನಾನು ಎಲ್ಲರಿಗೂ ಬಡ್ಕೊಳ್ಳೋದು, ಬಾಯಲ್ಲಿ ಕೇಳಿ ಇಲ್ಲ ಅನ್ನಿಸ್ಕೊಂಡು ಬರ್ಬೇಡಿ, ಬರೆದು ಕೇಳಿ. ಬಾಯಲ್ಲಿ ಇಲ್ಲ ಅಂದಿದ್ದಕ್ಕೆ ಸಾಕ್ಷಿ ಎಲ್ಲಿಂದ ತರ್ತೀರಿ?

ತಿಂಗಳ ರಜೆ, ಅಂದ್ರೆ ಮುಟ್ಟಿನ ರಜೆ, ನಿಮಗೂ ಇದೆ. 2025ರ ನವೆಂಬರಲ್ಲಿ ಕರ್ನಾಟಕ ಸರ್ಕಾರ ಆದೇಶ ಮಾಡಿದೆ, 18ರಿಂದ 52 ವರ್ಷದ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12, ಸಂಬಳ ಸಮೇತ. ಫ್ಯಾಕ್ಟ್ರಿ, ಅಂಗಡಿ, ಪ್ಲಾಂಟೇಶನ್ ಎಲ್ಲಾ ಅದರಲ್ಲಿ ಇದೆ, ಗುತ್ತಿಗೆ ಮೇಲೆ ಇರೋರೂ ಸೇರ್ತಾರೆ. ಡಾಕ್ಟರ್ ಸರ್ಟಿಫಿಕೇಟ್ ಬೇಡ. ಈ ತಿಂಗಳದ್ದು ಮುಂದಿನ ತಿಂಗಳಿಗೆ ಹೋಗಲ್ಲ. ಮಾಲೀಕರ ಕಡೆಯೋರು ಇದನ್ನ ಹೈಕೋರ್ಟಲ್ಲಿ ಪ್ರಶ್ನೆ ಮಾಡಿದಾರೆ, ಹಂಗಾಗಿ ಪೇಪರ್ ನೋಡ್ತಾ ಇರಿ.

ಪ್ರಶ್ನೆ (ಮೂಡಿಗೆರೆ ಕಡೆ, ಖಾಸಗಿ ಆಫೀಸು): ಮೇಡಂ ಮಳೆ ಜೋರು, ಡಿಸಿ ರಜೆ ಕೊಟ್ರು, ಮಕ್ಕಳು ಮನೇಲಿ, ನಮ್ಮ ಆಫೀಸಲ್ಲಿ ಮಾತ್ರ ಬನ್ನಿ ಅಂತಾರೆ. ಡಿಸಿ ಹೇಳಿದ್ಮೇಲೆ ಎಲ್ಲರಿಗೂ ರಜೆ ಅಲ್ವಾ?

ಉತ್ತರ: ಅಲ್ಲ. ಆ ಆದೇಶ ಪೂರ್ತಿ ಓದಿ, ಅಂಗನವಾಡಿ, ಶಾಲೆ, ಕೆಲವು ಸಲ ಕಾಲೇಜು ಅಂತ ಬರೆದಿರುತ್ತೆ, ಯಾವ ತಾಲ್ಲೂಕು ಅಂತಾನೂ ಇರುತ್ತೆ. ಆಫೀಸಿಗೆ ಅದು ಬರಲ್ಲ. ಆದ್ರೆ ಖಾಸಗಿ ಆಫೀಸಿಗೂ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆನೇ, ಅದರಲ್ಲಿ ನಾನು ಮೇಲೆ ಹೇಳಿದ 12 ದಿನದಲ್ಲಿ ನ್ಯಾಯವಾದ ಬೇರೆ ಕಾರಣ ಅಂತ ಇದೆಯಲ್ಲ, ಚಿಕ್ಕ ಮಗು ಮನೇಲಿ ಒಂದೇ ಇದೆ, ರಸ್ತೆಗೆ ಮರ ಬಿದ್ದಿದೆ, ಬಸ್ಸೇ ಬರ್ಲಿಲ್ಲ ಅನ್ನೋದು ನ್ಯಾಯವಾದ ಕಾರಣ ಅಲ್ದೇ ಮತ್ತೇನು. ಬೆಳಗ್ಗೆನೇ ವಾಟ್ಸಾಪಲ್ಲಿ ಫೋಟೋ ಸಮೇತ ತಿಳಿಸಿ, ಆ ಲೆಕ್ಕದಲ್ಲಿ ರಜೆ ಹಾಕಿ. ಮಲೆನಾಡಲ್ಲಿ ಇರೋರು ಈ 12ರಲ್ಲಿ ಒಂದಷ್ಟನ್ನ ಜುಲೈ ಆಗಸ್ಟಿಗೆ ಅಂತಾನೇ ಉಳಿಸ್ಕೊಳ್ಳಿ, ಮಾರ್ಚ್ ಏಪ್ರಿಲಲ್ಲೇ ಎಲ್ಲಾ ಖಾಲಿ ಮಾಡ್ಕೋಬೇಡಿ.

ಪ್ರಶ್ನೆ (ಆಲ್ದೂರು ಹತ್ರ, ಕಾಫಿ ಎಸ್ಟೇಟ್ ರೈಟರ್): ನಮಸ್ತೆ ಮೇಡಂ. ಚೆಕ್‌ರೋಲ್, ಅಂದ್ರೆ ಆಳುಗಳ ಹಾಜರಿ ಪುಸ್ತಕ, ಬರೆಯೋನು ನಾನೇ. ಲೈನ್ ಮನೇಲಿ (ಎಸ್ಟೇಟಿನ ಸಾಲು ಮನೆ) ಇರೋ ಆಳುಗಳು ದಿನಗೂಲಿ ಲೆಕ್ಕ, ಬಂದ ದಿನ ಕೂಲಿ, ಬರದ ದಿನ ಇಲ್ಲ. ಅವರಿಗೆ ರಜೆ ಕೂಲಿ ಅಂತ ಏನಾದ್ರೂ ಇದೆಯಾ? ಕೊಯ್ಲಿನ ಟೈಮಲ್ಲಿ ಒಬ್ರೂ ರಜೆ ಹೋಗೋ ಹಾಗಿಲ್ಲ ಅಂತ ಧಣಿಗಳು ಹೇಳ್ತಾರೆ.

ಉತ್ತರ: ನೀವು ಕೇಳಿದ್ದು ತುಂಬ ಒಳ್ಳೇದಾಯ್ತು, ಅವರ ಪರವಾಗಿ ಕೇಳೋರೇ ಕಮ್ಮಿ. 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆಯಿಂದಾನೇ 20 ದಿನಕ್ಕೆ ಒಂದು ದಿನ ಕೂಲಿ ಸಮೇತ ರಜೆ ಇದೆ, ಈಗ ಆ ಕಾಯ್ದೆ ಹೊಸ ಸಂಹಿತೆ ಒಳಗೆ ಸೇರ್ಕೊಂಡಿದೆ. ಐದು ಹೆಕ್ಟೇರ್, ಅಂದ್ರೆ ಹನ್ನೆರಡು ಎಕರೆ ಚಿಲ್ಲರೆ, ಇಲ್ಲಾ ಅದಕ್ಕಿಂತ ದೊಡ್ಡ ತೋಟಗಳು ಪ್ಲಾಂಟೇಶನ್ ಲೆಕ್ಕಕ್ಕೆ ಬರುತ್ತೆ. ದಿನಗೂಲಿ ಅನ್ನೋ ಕಾರಣಕ್ಕೆ ರಜೆ ಇಲ್ಲ ಅಂತಾಗಲ್ಲ, ನಿಮ್ಮ ಚೆಕ್‌ರೋಲಲ್ಲಿ ವರ್ಷಕ್ಕೆ 180 ದಿನ ಹಾಜರಿ ಬಿದ್ದಿದೆಯಾ ನೋಡಿ, ಬಿದ್ದಿದ್ರೆ 20ರಿಂದ ಭಾಗಿಸಿ, ಅಷ್ಟು ದಿನದ ಕೂಲಿ ಅವರ ಹಕ್ಕು. 200 ಹಾಜರಿ ಇದ್ದ ಹೆಂಗಸಿಗೆ 10 ದಿನದ ಕೂಲಿ. ಮೊದ್ಲು ಹೇಳಿದ 10 ರಾಷ್ಟ್ರೀಯ, ಹಬ್ಬದ ರಜೆನೂ ಪ್ಲಾಂಟೇಶನ್‌ಗೆ ಅನ್ವಯ ಆಗುತ್ತೆ.

ಕೊಯ್ಲಿನ ವಿಷ್ಯಕ್ಕೆ ಧಣಿಗಳ ಮಾತಲ್ಲಿ ಅರ್ಥ ಇದೆ, ಅರೇಬಿಕಾ ಹಣ್ಣು ನವೆಂಬರಿಂದ ಜನವರಿ, ಅದರ ಹಿಂದೇನೇ ರೋಬಸ್ಟಾ, ಹಣ್ಣು ಉದುರಿ ಹೋದ್ರೆ ಯಾರಿಗೂ ಲಾಭ ಇಲ್ಲ. ಹಂಗಂತ ರಜೆನೇ ಇಲ್ಲ ಅನ್ನೋದಲ್ಲ, ಕೊಯ್ಲು ಮುಗಿದ್ಮೇಲೆ ಯಾರ್ಯಾರು ಯಾವಾಗ ಊರಿಗೆ ಹೋಗ್ತಾರೆ ಅಂತ ಈಗ್ಲೇ ಕೂತು ಬರ್ಕೊಳ್ಳಿ. ದೀಪಾವಳೀಲಿ ದೇವೀರಮ್ಮನ ಬೆಟ್ಟಕ್ಕೆ ಹೋಗ್ಲೇಬೇಕು ಅನ್ನೋರು ಇರ್ತಾರೆ, ಈ ಸಲ ನರಕ ಚತುರ್ದಶಿ ನವೆಂಬರ್ 8 ಭಾನುವಾರನೇ ಬಂದಿದೆ, ವಾರದ ರಜೇಲೇ ಆಗುತ್ತೆ.

ಪ್ರಶ್ನೆ (ಹಾಸನ, ಫ್ಯಾಕ್ಟ್ರಿ): ಕಮ್ಮಿ ರಜೆ ಹಾಕಿ ಜಾಸ್ತಿ ದಿನ ಸಿಗೋ ಹಾಗೆ ಈ ವರ್ಷ ಏನಾದ್ರೂ ಇದೆಯಾ? ನಮಗೆ ಭಾನುವಾರ ರಜೆ.

ಉತ್ತರ: ಇದೆ. ನಿಮ್ಮ ಲಿಸ್ಟಲ್ಲಿ ಆಯುಧ ಪೂಜೆ, ವಿಜಯದಶಮಿ ಎರಡೂ ಇದ್ರೆ ಅಕ್ಟೋಬರ್ 19 ಸೋಮವಾರ ಒಂದೇ ದಿನ ಹಾಕಿ, ಭಾನುವಾರದಿಂದ ಬುಧವಾರ ನಾಲ್ಕು ದಿನ. ನವೆಂಬರ್ 9 ಸೋಮವಾರ ಹಾಕಿದ್ರೆ ಬಲಿಪಾಡ್ಯಮಿ ಸೇರಿ ಮೂರು. ಗಣೇಶನ ಹಬ್ಬಕ್ಕೆ ಏನೂ ಹಾಕೋದೇ ಬೇಡ, ಭಾನುವಾರ ಸೋಮವಾರ ಜೊತೇಲೇ ಇದೆ. ಹಾಸನಾಂಬೆ ದರ್ಶನಕ್ಕೆ ಮನೆಗೆ ನೆಂಟರು ಬರೋರಿದ್ರೆ, ಬಾಗಿಲು ತೆಗೆಯೋದು ಆಶ್ವಯುಜ ಹುಣ್ಣಿಮೆ ಆದ್ಮೇಲಿನ ಮೊದಲ ಗುರುವಾರ, ಶನಿವಾರ ಭಾನುವಾರ ಕ್ಯೂ ವಿಪರೀತ, ವಾರದ ಮಧ್ಯದಲ್ಲಿ ಒಂದು ದಿನ ಇಟ್ಕೊಳ್ಳಿ. ಈ ದಿನಗಳನ್ನ ಎಲ್ರೂ ಕೇಳ್ತಾರೆ, ಆಗಸ್ಟಲ್ಲೇ ಅರ್ಜಿ ಹಾಕಿ.

ಪ್ರಶ್ನೆ (ಚಿಕ್ಕಮಗಳೂರು): ಕೆಲಸ ಬಿಟ್ಟೆ, ಉಳಿದ ರಜೆ ದುಡ್ಡು ಕೊಡಲ್ಲ ಅಂತಿದಾರೆ. ಫ್ಯಾಕ್ಟ್ರಿ ಮೇಡಂ.

ಉತ್ತರ: ಕೊಡ್ಲೇಬೇಕು. ನೀವೇ ಬಿಟ್ರೂ ಅಷ್ಟೇ, ಅವರು ತೆಗೆದ್ರೂ ಅಷ್ಟೇ, ಬಾಕಿ ಗಳಿಕೆ ರಜೆಯ ಸಂಬಳ ಎರಡನೇ ಕೆಲಸದ ದಿನ ಮುಗಿಯೋದ್ರೊಳಗೆ. ಮೊದ್ಲು ಒಂದು ಪತ್ರ ಕೊಟ್ಟು ಅದರ ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ, ಆಗ್ಲಿಲ್ಲ ಅಂದ್ರೆ ಆ ಕಾಪಿ ತಗೊಂಡು ಲೇಬರ್ ಆಫೀಸಿಗೆ.

ಮೊದಲ ಹುಡುಗ: ಮೇಡಂ ಬರೆದು ಕೇಳಿ ಅಂತೀರಿ, ಏನಂತ ಬರೀಲಿ? ನಮ್ಮ ಅಂಗಡೀಲಿ ಯಾರೂ ಇದುವರೆಗೆ ಬರೆದಿಲ್ಲ.

ಉತ್ತರ: ಇಷ್ಟೇ ಬರಿ ತಮ್ಮ, ಮಾಲೀಕರ ವಾಟ್ಸಾಪಿಗೆ ಕಳ್ಸಿದ್ರೂ ಆಗುತ್ತೆ: "ಸರ್, ನಮಸ್ಕಾರ. ನನ್ನ ಗಳಿಕೆ ರಜೆಯಲ್ಲಿ ಅಕ್ಟೋಬರ್ 22 ಮತ್ತು 23 ಎರಡು ದಿನ ಊರಿಗೆ ಹೋಗಲು ರಜೆ ಕೊಡಬೇಕು. ಆ ದಿನ ನನ್ನ ಕೌಂಟರ್ ನೋಡ್ಕೊಳ್ಳೋಕೆ ಜೊತೆಯವರು ಒಪ್ಪಿದ್ದಾರೆ. ಆಗುತ್ತೋ ಇಲ್ಲವೋ ದಯವಿಟ್ಟು ತಿಳಿಸಿ. ನನ್ನ ಖಾತೆಯಲ್ಲಿ ಎಷ್ಟು ರಜೆ ಬಾಕಿ ಇದೆ ಅಂತಾನೂ ತಿಳಿಸಿ." ಆ ಕೊನೇ ಸಾಲು ಬಿಡಬೇಡ, ಉತ್ತರ ಬಂದ್ರೆ ಸ್ಕ್ರೀನ್‌ಶಾಟ್ ತೆಗೆದಿಟ್ಕೋ, ಎರಡು ದಿನ ಆದ್ರೂ ಉತ್ತರ ಬರ್ಲಿಲ್ಲ ಅಂದ್ರೆ ಅದೇ ಮೆಸೇಜನ್ನ ಇನ್ನೊಂದ್ಸಲ ಕಳ್ಸು.